ಮಾವಶಿ ಬರುವ ಮೊದಲು ಒಂದು ಹಾಳೆ ಬರೆಯಿರಿ

ಪುಣೆಯ ಸದಾಶಿವ ಪೇಠೆಯವರಿಗೆ ಬರೆದು ತೂಗುಹಾಕುವ ಚಟ. ಗೇಟಿನ ಮುಂದೆ ಗಾಡಿ ನಿಲ್ಲಿಸಿದರೆ ಗಾಳಿ ಬಿಡಲಾಗುವುದು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬೆಲ್ ಒತ್ತಬಾರದು. ಇಲ್ಲಿ ವಿಳಾಸ ಕೇಳಬೇಡಿ. ‘ಪುಣೇರಿ ಪಾಟಿ’ ಎಂದು ಮಹಾರಾಷ್ಟ್ರವೆಲ್ಲ ಆಡಿಕೊಂಡು ನಗುವ ಈ ಫಲಕಗಳ ಒಂದು ಗುಣವನ್ನಂತೂ ಮೆಚ್ಚಬೇಕು. ಬಂದವರು ಏನು ಮಾಡಬೇಕು, ಏನು ಮಾಡಬಾರದು ಎಂಬುದರಲ್ಲಿ ಗೊಂದಲ ಉಳಿಯುವುದಿಲ್ಲ. ಅದೇ ಬಾಗಿಲಿನ ಒಳಗೆ ದಿನಕ್ಕೆ ಹತ್ತು ಗಂಟೆ ಕೂಸನ್ನು ಎತ್ತಿಕೊಂಡಿರುವ ಹೆಂಗಸಿನ ಕೆಲಸದ ಬಗ್ಗೆ ಮಾತ್ರ ಎಲ್ಲೂ ಒಂದು ಸಾಲು ಬರೆದಿರುವುದಿಲ್ಲ. ಎಷ್ಟು ಹೊತ್ತಿಗೆ ಬರಬೇಕು, ಮನೆಯ ಪಾತ್ರೆಯೂ ಅವರದೇ ಪಾಲಿಗೋ, ಕೂಸಿಗೆ ಜ್ವರ ಬಂದರೆ ಫೋನು ಯಾರಿಗೆ, ಅವರಿಗೇ ಜ್ವರ ಬಂದರೆ ಸಂಬಳ ಹಿಡಿಯುತ್ತೀರಾ? ಎಲ್ಲವೂ ‘ಆಮೇಲೆ ನೋಡೋಣ’ ಎಂಬಲ್ಲಿಗೆ ನಿಂತಿರುತ್ತದೆ. ಮನಸ್ತಾಪಗಳೆಲ್ಲ ಹುಟ್ಟುವುದು ಅಲ್ಲೇ.

ಹುಬ್ಬಳ್ಳಿ, ಬೆಳಗಾವಿ, ವಿಜಯಪುರಗಳಿಂದ ನೌಕರಿಗೆಂದು ಪುಣೆಗೆ ಬಂದು ಮನೆ ಮಾಡಿರುವ ಗಂಡ ಹೆಂಡತಿಗೆ ಈ ಲೇಖನ. ಇಬ್ಬರೂ ದುಡಿಯುವವರು, ಅತ್ತೆ ತಾಯಂದಿರು ಊರಲ್ಲಿ. ಹೆರಿಗೆ ಸೌಲಭ್ಯದ ಕಾನೂನಿಗೆ 2017ರಲ್ಲಿ ತಿದ್ದುಪಡಿಯಾದ ಮೇಲೆ ಮೊದಲ ಎರಡು ಹೆರಿಗೆಗಳಿಗೆ 26 ವಾರ ಸಂಬಳಸಹಿತ ರಜೆ ಸಿಗುತ್ತದೆ. ಐವತ್ತು ಅಥವಾ ಹೆಚ್ಚು ಜನ ಕೆಲಸಮಾಡುವ ಕಚೇರಿ ಶಿಶುಪಾಲನೆಯ ವ್ಯವಸ್ಥೆಯನ್ನೂ ಮಾಡಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಮಗುವನ್ನು ನೋಡಿ ಬರಬಹುದು. ಮೊದಲು ನಿಮ್ಮ ಕಚೇರಿಯಲ್ಲಿ ಇದನ್ನು ಕೇಳಿ ನೋಡಿ. ಎಷ್ಟೋ ಜನ ಕೇಳುವುದೇ ಇಲ್ಲ. ಮನೆಯಲ್ಲೇ ನೋಡಿಕೊಳ್ಳುವವರು ಬೇಕೆಂದಾದರೆ ಹುಡುಕಾಟವನ್ನು ರಜೆಯ ಕೊನೆಯ ವಾರಕ್ಕೆ ಬಿಡಬೇಡಿ. ಇಪ್ಪತ್ತನೆಯ ವಾರದ ಹೊತ್ತಿಗೆ ಶುರುಮಾಡಿದರೆ ತಾಯಿ ಮನೆಯಲ್ಲಿರುವಾಗಲೇ ಎರಡು ವಾರ ಇಬ್ಬರೂ ಜೊತೆಗಿದ್ದು ಕೆಲಸ ಹಸ್ತಾಂತರಿಸಬಹುದು. ಆ ಎರಡು ವಾರಕ್ಕೂ ಪೂರ್ತಿ ಸಂಬಳ ಕೊಡಬೇಕು. ‘ಟ್ರಯಲ್’ ಎಂದು ಪುಕ್ಕಟೆ ದುಡಿಸಿಕೊಳ್ಳುವುದು ಸಣ್ಣತನ.

ಪೇಠೆಯಲ್ಲಿ ಕೂಸು ನೋಡಿಕೊಳ್ಳುವ ಹೆಂಗಸರನ್ನು ಎಲ್ಲರೂ ಕರೆಯುವುದು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ. ದಾಂಡೇಕರ್ ಪೂಲ್, ಪರ್ವತಿಯ ಜನತಾ ವಸಾಹತ್ ಕಡೆಯಿಂದ ನಡೆದೋ ಬಸ್ಸು ಹಿಡಿದೋ ಬರುವವರು ಅನೇಕರು. ಕಲಬುರಗಿ, ಸೊಲ್ಲಾಪುರ, ಅಕ್ಕಲಕೋಟೆ ಕಡೆಯಿಂದ ಬಂದು ನೆಲೆಸಿದ, ಕನ್ನಡ ಬಲ್ಲ ಹೆಂಗಸರೂ ಸಿಗುತ್ತಾರೆ. ಸಿಕ್ಕರೆ ಅನುಕೂಲವೇ, ಆದರೆ ಭಾಷೆಯೊಂದನ್ನೇ ನೋಡಿ ಕೂಸನ್ನು ಒಪ್ಪಿಸಬೇಡಿ. ಮರಾಠಿಯ ಮಾವಶಿ ಬಂದರೆ ಕೂಸಿನ ಜೊತೆ ಅವರದೇ ಮರಾಠಿಯಲ್ಲಿ, ಹಾಡು ಕತೆ ಸಮೇತ, ಹೊಟ್ಟೆತುಂಬ ಮಾತಾಡಲಿ. ನೀವು ಸಂಜೆ ಕನ್ನಡ ಆಡಿ. ಇಬ್ಬರೂ ಸೇರಿ ಕೂಸಿಗೆ ಅರೆಬರೆ ಹಿಂದಿ ಕಲಿಸುವುದರಿಂದ ಯಾರಿಗೂ ಲಾಭವಿಲ್ಲ.

ಈ ಕೆಲಸಕ್ಕೆ ತರಬೇತಿ ಬೇಕು ಎಂಬ ಮಾತು ಹೊಸದಲ್ಲ. ಇಂಗ್ಲೆಂಡಿನಲ್ಲಿ ಎಮಿಲಿ ವಾರ್ಡ್ ಎಂಬಾಕೆ ನಾರ್ಲೆಂಡ್ ಸಂಸ್ಥೆಯನ್ನು ಕಟ್ಟಿ ಮಕ್ಕಳ ಪಾಲಕಿಯರಿಗೆ ಕ್ರಮಬದ್ಧ ಶಿಕ್ಷಣ ಆರಂಭಿಸಿದ್ದು 1892ರಲ್ಲಿ. ಹದಿನೇಳು ವರ್ಷ ಕಳೆದು, 1909ರಲ್ಲಿ ಪುಣೆಯಲ್ಲಿ ರಮಾಬಾಯಿ ರಾನಡೆಯವರು ಸೇವಾಸದನ ಆರಂಭಿಸಿದರು. ವಿಧವೆಯರೂ ಬಡ ಹೆಂಗಸರೂ ಅಲ್ಲಿ ಶುಶ್ರೂಷೆ, ಸೂಲಗಿತ್ತಿತನ ಕಲಿತು ಸ್ವಂತ ಕಾಲ ಮೇಲೆ ನಿಂತರು. ಸೇವಾಸದನ ಇರುವ ಲಕ್ಷ್ಮೀ ರಸ್ತೆ ಪೇಠೆಗೆ ಕೂಗಳತೆ. ಆರೈಕೆಯನ್ನು ಕಲಿತು ಮಾಡುವ ಕೆಲಸವೆಂದು ನೂರು ವರ್ಷದ ಹಿಂದೆಯೇ ಒಪ್ಪಿಕೊಂಡ ಊರು ಕೂಸು ನೋಡಿಕೊಳ್ಳುವುದನ್ನು ಮಾತ್ರ ಇನ್ನೂ ‘ಹೆಂಗಸರಿಗೆ ಗೊತ್ತೇ ಇರುತ್ತದೆ’ ಎಂದು ಬಿಟ್ಟುಕೊಟ್ಟಿದೆ.

ಬರೆಯದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟಿಷರ ಕಾಲದ ಆಯಾಗಳ ಕತೆ ಸಾಕು. ಹಡಗಿನಲ್ಲಿ ದೊರೆಸಾನಿಯ ಮಕ್ಕಳನ್ನು ನೋಡಿಕೊಳ್ಳಲು ಲಂಡನ್ನಿನವರೆಗೆ ಹೋದ ಎಷ್ಟೋ ಆಯಾಗಳಿಗೆ ಹಿಂದಿರುಗುವ ಟಿಕೆಟ್ಟಿನ ಮಾತು ಖಚಿತವಿರಲಿಲ್ಲ. ಕೆಲಸ ಮುಗಿಯಿತೆಂದು ಅಲ್ಲೇ ಕೈಬಿಟ್ಟರು. ಅಂಥವರಿಗಾಗಿ ‘ಆಯಾಗಳ ಮನೆ’ ಎಂಬ ಆಶ್ರಯತಾಣವೇ ನಡೆಯಬೇಕಾಯಿತು. ಲಂಡನ್ನಿನ ಹ್ಯಾಕ್ನಿಯಲ್ಲಿರುವ ಆ ಕಟ್ಟಡಕ್ಕೆ 2022ರಲ್ಲಿ ಸ್ಮರಣೆಯ ನೀಲಿ ಫಲಕ ಹಾಕಿದ್ದಾರೆ. ನಮ್ಮ ಕಾಲದ ಸಣ್ಣ ರೂಪ ಕೇಳಿ: ದಸರೆಗೆ ಊರಿಗೆ ಹೊರಟಾಗ ಮಾವಶಿಯನ್ನೂ ಹುಬ್ಬಳ್ಳಿಗೆ ಕರೆದುಕೊಂಡು ಹೋಗುತ್ತೀರಿ. ಟಿಕೆಟ್ ನಿಮ್ಮದು, ಸರಿ. ರಾತ್ರಿ ಕೂಸು ಎದ್ದರೆ ಎತ್ತಿಕೊಳ್ಳುವವರು ಯಾರು? ಆ ನಾಲ್ಕು ರಾತ್ರಿಗೆ ಬೇರೆ ಸಂಬಳವೋ, ಇಲ್ಲವೋ?

ಹಾಳೆಯಲ್ಲಿ ಏನಿರಬೇಕು

ಒಂದೇ ಹಾಳೆ ಸಾಕು, ಎರಡು ಪ್ರತಿ, ಅವರಿಗೆ ಓದಲು ಬರುವ ಭಾಷೆಯಲ್ಲಿ. ಓದು ಬರದಿದ್ದರೆ ಅವರ ಮಗಳೋ ನೆರೆಯವರೋ ಕೂತು ಓದಿ ಹೇಳಲಿ. ಬರುವ ಹೊತ್ತು, ಹೋಗುವ ಹೊತ್ತು, ನೀವು ತಡವಾದರೆ ಗಂಟೆಗೆ ಎಷ್ಟು. ವಾರದ ರಜೆ ಯಾವ ದಿನ. ತಿಂಗಳಿಗೆ ಸಂಬಳ ಹಿಡಿಯದ ರಜೆ ಎಷ್ಟು. ನೀವು ಊರಿಗೆ ಹೋದ ದಿನಗಳಿಗೂ ಸಂಬಳ ಉಂಟು ಎಂಬ ಸಾಲು ಕಡ್ಡಾಯವಾಗಿ ಇರಲಿ, ಏಕೆಂದರೆ ರಜೆ ನಿಮ್ಮದು, ಅವರದಲ್ಲ. ದೀಪಾವಳಿಗೆ ಒಂದು ತಿಂಗಳ ಸಂಬಳದಷ್ಟು ಬೋನಸ್ ಕೊಡುವ ರೂಢಿ ಪುಣೆಯಲ್ಲಿದೆ, ಅದನ್ನೂ ಬರೆಯಿರಿ. ಕೆಲಸ ಬಿಡಲು, ಬಿಡಿಸಲು ಇಬ್ಬರಿಗೂ ಒಂದು ತಿಂಗಳ ಮುನ್ಸೂಚನೆ.

ಎಲ್ಲಕ್ಕಿಂತ ಮುಖ್ಯವಾದ ಸಾಲು ಕೆಲಸದ ಎಲ್ಲೆಯದು. ಕೂಸಿನ ಬಟ್ಟೆ, ಕೂಸಿನ ಬಟ್ಟಲು, ಕೂಸಿನ ಊಟ, ಅದು ಆಡಿದ ಜಾಗ: ಇಷ್ಟು ಅವರದು. ಮನೆಮಂದಿಯ ಚಪಾತಿ, ನೆಲ ಒರೆಸುವುದು, ಪಾತ್ರೆ ಅವರದಲ್ಲ. ‘ಕೂಸು ಮಲಗಿದಾಗ ಸುಮ್ಮನೆ ಕೂತಿರ್ತಾರಲ್ಲ’ ಎಂಬ ಮಾತು ಮನೆಮನೆಯಲ್ಲೂ ಕೇಳುತ್ತದೆ. ಕೂಸು ಮಲಗಿದ ಹೊತ್ತೇ ಅವರ ಊಟದ ಹೊತ್ತು, ಬೆನ್ನು ಚಾಚುವ ಹೊತ್ತು. ಮಧ್ಯಾಹ್ನ ಮೂರು ಗಂಟೆ ಅಂಗಡಿಯ ಬಾಗಿಲು ಹಾಕಿ ಮಲಗುವ ಪೇಠೆಗೆ ಇದನ್ನು ಬಿಡಿಸಿ ಹೇಳಬೇಕಾಗಿರುವುದೇ ತಮಾಷೆ.

ಈ ಹಕ್ಕುಗಳು ಯಾರೋ ದಯೆಯಿಂದ ಕೊಟ್ಟವಲ್ಲ. 1980ರಲ್ಲಿ ಪುಣೆಯ ಮನೆಗೆಲಸದ ಹೆಂಗಸರು ಮುಷ್ಕರ ಹೂಡಿದರು. ಸಂಬಳ, ಕಾಯಿಲೆಯ ರಜೆಗಳಿಗಾಗಿ ಬೀದಿಗಿಳಿದ ಆ ಹೆಂಗಸರಿಂದಲೇ ಇಲ್ಲಿ ಮೋಲಕರೀಣ (ಮನೆಗೆಲಸದವರ) ಸಂಘಟನೆ ಬೆಳೆಯಿತು. ಮಹಾರಾಷ್ಟ್ರ 2008ರಲ್ಲಿ ಮನೆಗೆಲಸದವರ ಕಲ್ಯಾಣ ಮಂಡಳಿಯ ಕಾಯ್ದೆ ಮಾಡಿತು. 18ರಿಂದ 60 ವಯಸ್ಸಿನವರು ಅದರಡಿ ಹೆಸರು ನೋಂದಾಯಿಸಬಹುದು. ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡುವುದರಲ್ಲಿ ಕರ್ನಾಟಕ ಮುಂದಿತ್ತು, 2004ರಲ್ಲೇ. ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ 2021ರಿಂದ ಇದೆ. ಮಾವಶಿಗೆ ಮಂಡಳಿಯಲ್ಲೂ ಇ-ಶ್ರಮ್‌ನಲ್ಲೂ ಹೆಸರು ಹಚ್ಚಿಸಲು ಒಂದು ಮಧ್ಯಾಹ್ನ ಬಿಡುವು ಕೊಟ್ಟು, ಅರ್ಜಿ ತುಂಬಲು ನೀವೇ ಕೂತುಕೊಳ್ಳಿ. ಮನೆಗೆಲಸದವರಿಗೂ ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆ ಅನ್ವಯಿಸುತ್ತದೆ. ದೂರು ಕೊಡಲು ಜಿಲ್ಲೆಯ ಸ್ಥಳೀಯ ಸಮಿತಿ ಇದೆ.

ಆರಿಸುವಾಗ

ಕೆಲಸದವರನ್ನು ಒದಗಿಸುವ ಬ್ಯೂರೋ ಮೂಲಕ ಮಾವಶಿ ಬಂದರೆ ಬ್ಯೂರೋದವರನ್ನೂ ವಿಚಾರಿಸಿ. ನಿಮ್ಮಿಂದ ಪಡೆದ ಕಮಿಷನ್ ಸಾಲದೆಂದು ಆಕೆಯ ಸಂಬಳದಲ್ಲೂ ಪಾಲು ಹಿಡಿಯುತ್ತಾರೆಯೇ ಎಂದು ಕೇಳಿ. ಹಾಗಿದ್ದರೆ ಆಕೆ ಬೇರೆ ಮನೆ ನೋಡಿಕೊಂಡು ಹೋಗುವುದು ನಿಶ್ಚಿತ. ಪೊಲೀಸ್ ಪರಿಶೀಲನೆ ಮಾಡಿಸಿ, ಆಧಾರ್ ಪ್ರತಿ ಇಟ್ಟುಕೊಳ್ಳಿ. ಮೂಲ ದಾಖಲೆಯನ್ನು ಮಾತ್ರ ಇಟ್ಟುಕೊಳ್ಳಬೇಡಿ. ಹಳೆಯ ಎರಡು ಮನೆಗಳಿಗೆ ಫೋನು ಮಾಡಿ ‘ಹೇಗಿದ್ದಾರೆ’ ಎಂದು ಕೇಳುವ ಬದಲು ‘ಮತ್ತೊಂದು ಕೂಸಾದರೆ ಇವರನ್ನೇ ಕರೆಯುತ್ತೀರಾ’ ಎಂದು ಕೇಳಿ. ಉತ್ತರಕ್ಕೆ ಮುಂಚಿನ ತಡವೇ ಬಹಳಷ್ಟು ಹೇಳುತ್ತದೆ. ಹುಡುಗಿಯರನ್ನು ಕರೆತರುವ ಯೋಚನೆ ಇದ್ದರೆ ಬಿಡಿ. ಹದಿನಾಲ್ಕರೊಳಗಿನವರನ್ನು ಮನೆಗೆಲಸಕ್ಕಿಡುವುದು ಅಪರಾಧ. ಊರಿಂದ ‘ಕೂಸಾಡಿಸಾಕ’ ಹನ್ನೆರಡರ ಹುಡುಗಿಯನ್ನು ಕಳಿಸುತ್ತೇವೆ ಎನ್ನುವ ಬಂಧುಗಳು ನಮ್ಮ ಕಡೆ ಇನ್ನೂ ಇದ್ದಾರೆ.

ಮುಖಾಮುಖಿ ಮಾತಾಡುವಾಗ ‘ಮಕ್ಕಳೆಂದರೆ ಇಷ್ಟವೇ’ ಎಂಬ ಪ್ರಶ್ನೆಗೆ ಇಲ್ಲ ಎನ್ನುವವರಿಲ್ಲ. ಬದಲಿಗೆ ಸನ್ನಿವೇಶ ಹೇಳಿ: ಕೂಸು ಅರ್ಧ ಗಂಟೆಯಿಂದ ಅಳುತ್ತಿದೆ, ಹಾಲು ಕುಡಿದಾಗಿದೆ, ಬಟ್ಟೆ ಒಣಗಿದೆ, ನಿಮಗೆ ತಲೆ ಸಿಡಿಯುತ್ತಿದೆ. ಏನು ಮಾಡುತ್ತೀರಿ? ‘ತೊಟ್ಟಿಲಲ್ಲಿ ಮಲಗಿಸಿ ಎರಡು ನಿಮಿಷ ಆಚೆ ನಿಂತು ಉಸಿರು ಬಿಟ್ಟು ಬರ್ತೀನಿ, ನಿಮಗೆ ಫೋನು ಮಾಡ್ತೀನಿ’ ಎಂದವರನ್ನು ನಂಬಬಹುದು. ‘ನನಗೆ ಸಿಟ್ಟೇ ಬರೋದಿಲ್ಲ’ ಎಂದವರ ಬಗ್ಗೆ ಇನ್ನೊಮ್ಮೆ ಯೋಚಿಸಿ. ಕೂಸನ್ನು ಸಿಟ್ಟಿನಲ್ಲಿ ಅಲುಗಾಡಿಸಿದರೆ ಮಿದುಳಿಗೆ ಪೆಟ್ಟಾಗುತ್ತದೆ ಎಂಬುದನ್ನು ಮೊದಲ ದಿನವೇ, ಮನೆಯ ಎಲ್ಲರೆದುರು ಹೇಳಿಬಿಡಿ.

ಕ್ಯಾಮೆರಾ ಹಾಕುವುದಾದರೆ ಹೇಳಿ ಹಾಕಿ. ಆಕೆ ಬಟ್ಟೆ ಬದಲಿಸುವ, ಮಲಗುವ ಜಾಗದಲ್ಲಿ ಬೇಡ. ಕದ್ದು ನೋಡುವ ಮನೆಯಲ್ಲಿ ಒಳ್ಳೆಯವರು ನಿಲ್ಲುವುದಿಲ್ಲ. ಹಾಗೆಯೇ ಕೂಸಿನ ಫೋಟೋ ಅವರ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹೋಗಬಾರದು ಎಂಬ ನಿಯಮ ಇರಲಿ; ಅವರ ಫೋಟೋ ನಿಮ್ಮ ಇನ್‌ಸ್ಟಾಗ್ರಾಂಗೆ ಹೋಗಬಾರದು ಎಂಬುದೂ ಅಷ್ಟೇ ಸರಿ.

ಹಾಲು, ನಿದ್ದೆ, ನೀರು, ಔಷಧಿ

ದಿನದ ಕೆಲಸದಲ್ಲಿ ಕೈ ತೊಳೆಯುವುದೇ ಮೊದಲ ಪಾಠ: ಬಂದ ಕೂಡಲೆ, ಕಕ್ಕಸಿನ ಬಟ್ಟೆ ಬದಲಿಸಿದ ಮೇಲೆ, ಹಾಲು ಮುಟ್ಟುವ ಮೊದಲು. ಸಿಂಕಿನ ಬಳಿ ಸೋಪು ಇಡುವ ಕೆಲಸ ನಿಮ್ಮದು. ಕೆಲಸಕ್ಕೆ ಬರುವ ಮುನ್ನ ಅವರಿಗೆ ವೈದ್ಯರ ತಪಾಸಣೆ, ಕೆಮ್ಮಿದ್ದರೆ ಕ್ಷಯದ ಪರೀಕ್ಷೆ ನಿಮ್ಮ ಖರ್ಚಿನಲ್ಲಿ ಆಗಲಿ.

ಹಿಂಡಿಟ್ಟ ಎದೆಹಾಲು ಕೋಣೆಯ ಉಷ್ಣತೆಯಲ್ಲಿ (25 ಡಿಗ್ರಿಯವರೆಗೆ) ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ. ಪುಣೆಯ ಏಪ್ರಿಲ್ ಮೇ ತಿಂಗಳಲ್ಲಿ ಮನೆಯೊಳಗೂ 25 ದಾಟುವುದರಿಂದ ನೇರ ಫ್ರಿಜ್ಜಿಗೇ ಇಡಿ, ಡಬ್ಬಿಯ ಮೇಲೆ ತಾರೀಕು ಬರೆಯಿರಿ. ಬಿಸಿ ಮಾಡುವುದು ಬಿಸಿನೀರಿನ ಬಟ್ಟಲಲ್ಲಿಟ್ಟು, ಮೈಕ್ರೋವೇವಿನಲ್ಲಲ್ಲ. ಪುಡಿಹಾಲು ಕಲಸಿದ್ದು ಎರಡು ಗಂಟೆಯೊಳಗೆ ಮುಗಿಯಬೇಕು, ಕೂಸು ಬಾಯಿಟ್ಟದ್ದು ಒಂದು ಗಂಟೆಯೊಳಗೆ, ಉಳಿದದ್ದು ಚೆಲ್ಲಬೇಕು. ‘ಅಷ್ಟು ದುಬಾರಿಯದು’ ಎಂದು ಮಾವಶಿ ಚೆಲ್ಲಲು ಹಿಂಜರಿಯುತ್ತಾರೆ, ಅದಕ್ಕೆ ಚೆಲ್ಲಿದ್ದಕ್ಕೆ ನೀವು ಬೈಯುವುದಿಲ್ಲ ಎಂದು ಹೇಳಿಡಿ. ಬಾಟಲಿಗಿಂತ ಬಟ್ಟಲು ಚಮಚ ಒಳ್ಳೆಯದು, ತೊಳೆಯುವುದೂ ಸುಲಭ. ನಮ್ಮ ಒಳಲೆಗೆ ಮರಾಠಿಯವರು ಬೋಂಡಲಾ ಎನ್ನುತ್ತಾರೆ, ಪೇಠೆಯ ಹಳೆಯ ಮಾವಶಿಯರಿಗೆ ಅದರಲ್ಲಿ ಕೈ ಪಳಗಿರುತ್ತದೆ.

ಮಲಗಿಸುವುದು ಅಂಗಾತ, ಗಟ್ಟಿ ಹಾಸಿಗೆಯ ಮೇಲೆ, ಮುಖದ ಹತ್ತಿರ ದಿಂಬು ರಜಾಯಿ ಇಲ್ಲದೆ. ತಲೆ ಗುಂಡಗಾಗಲೆಂದು ಸಾಸಿವೆ ದಿಂಬು ಬೇಡ. ಜೋಳಿಗೆಯಲ್ಲಿ ಮಲಗಿಸಿದರೆ ಕಣ್ಣಳತೆಯಲ್ಲೇ ಇರಬೇಕು.

ಎಣ್ಣೆ ಸ್ನಾನದ ವಿಷಯ ನಾಜೂಕು. ಮೈಗೆ ಎಣ್ಣೆ ತಿಕ್ಕುವುದರಲ್ಲಿ ಮಾವಶಿಯರ ಕೈಗುಣಕ್ಕೆ ಎಣೆಯಿಲ್ಲ, ಅದನ್ನು ಬೇಡವೆನ್ನಬೇಕಿಲ್ಲ. ಆದರೆ ಮೂಗು ಕಿವಿಗೆ ಎಣ್ಣೆ ಬಿಡುವುದು, ಎಳೆಗೂಸಿನ ಎದೆ ಹಿಂಡುವುದು, ಕಣ್ಣಿಗೆ ಕಾಡಿಗೆ, ಧೂಪದ ಹೊಗೆ, ಬಾಳಗುಟಿ ತೇಯ್ದು ನೆಕ್ಕಿಸುವುದು, ಒಂದು ವರ್ಷದೊಳಗೆ ಜೇನು ಇವೆಲ್ಲ ನಿಲ್ಲಬೇಕು. ಜೇನಿನಲ್ಲಿರಬಹುದಾದ ಬಾಟುಲಿನಂ ಬೀಜಾಣುಗಳನ್ನು ಎಳೆಯ ಕರುಳು ತಡೆದುಕೊಳ್ಳುವುದಿಲ್ಲ. ಹೇಳುವ ಬಗೆಯಲ್ಲಿ ಜಾಣತನ ಬೇಕು. ‘ಇದು ತಪ್ಪು’ ಎಂದರೆ, ನಾಲ್ಕು ಹೆತ್ತು ಹತ್ತು ಬೆಳೆಸಿದ ಹೆಂಗಸಿಗೆ ನಿನ್ನೆ ಮೊನ್ನೆ ತಾಯಿಯಾದವರ ಮಾತು ಏಕೆ ನಾಟೀತು? ಲಸಿಕೆಗೆ ಹೋಗುವಾಗ ಮಾವಶಿಯನ್ನೂ ಮಕ್ಕಳ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಅವರ ಪ್ರಶ್ನೆ ಅವರೇ ಕೇಳಲಿ, ಡಾಕ್ಟರು ಅವರನ್ನೇ ನೋಡಿ ಉತ್ತರಿಸಲಿ. ಒಂದು ಭೇಟಿ ಹತ್ತು ವಾದ ಉಳಿಸುತ್ತದೆ.

ಔಷಧಿಗೆ ಒಂದೇ ನಿಯಮ: ಬರೆದುಕೊಡದ ಹನಿಯೂ ಇಲ್ಲ. ಪ್ಯಾರಾಸಿಟಮಾಲ್ ನೋಡಿ. ಹನಿಗಳ ಪುಟ್ಟ ಶೀಶೆಯಲ್ಲಿ 1 ಮಿಲೀಗೆ 100 ಮಿಲಿಗ್ರಾಂ ಇರುತ್ತದೆ, ಸಾಮಾನ್ಯ ಸಿರಪ್ಪಿನ 5 ಮಿಲೀಗೆ 120 ಅಥವಾ 125. ಸಿರಪ್ಪಿನ ಚಮಚದಷ್ಟೇ ಹನಿಯ ಔಷಧಿ ಹಾಕಿಬಿಟ್ಟರೆ ನಾಲ್ಕು ಪಟ್ಟು ಹೊಟ್ಟೆಗೆ ಹೋಯಿತು. ಮನೆಯಲ್ಲಿ ಒಂದೇ ಬಗೆಯ ಶೀಶೆ ಇಡಿ, ಸೂಜಿಯಿಲ್ಲದ ಸಿರಿಂಜಿನ ಮೇಲೆ ಗೆರೆ ಎಳೆದು ತೋರಿಸಿ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಜ್ವರ ಬಂದರೆ ಮನೆಮದ್ದು ಬೇಡ, ನೇರ ಡಾಕ್ಟರು.

ಸದಾಶಿವ ಪೇಠೆಯಲ್ಲಿ ಏಕಾದಶಿಯೆಂದರೆ ಸಾಬುದಾಣೆ ಖಿಚಡಿ, ಖಿಚಡಿಯೆಂದರೆ ಶೇಂಗಾ. ಇಡೀ ಶೇಂಗಾಬೀಜ, ಪುಟಾಣಿ, ಚಿವಡಾ, ಇಡೀ ದ್ರಾಕ್ಷಿ ನಾಲ್ಕೈದು ವರ್ಷದವರೆಗೆ ಕೂಸಿನ ಕೈಗೆ ಸಿಗಬಾರದು. ವರ್ಷದೊಳಗಿನ ಕೂಸಿನ ಗಂಟಲಲ್ಲಿ ಏನಾದರೂ ಸಿಕ್ಕಿ ಉಸಿರು, ಅಳು ಎರಡೂ ನಿಂತರೆ ಮುಂಗೈ ಮೇಲೆ ಬೋರಲಾಗಿ, ತಲೆ ತಗ್ಗಿಸಿ ಹಿಡಿದು ಬೆನ್ನಿನ ನಡುವೆ ಐದು ಗುದ್ದು, ಹೊರಬರದಿದ್ದರೆ ಅಂಗಾತ ಮಾಡಿ ಎದೆಯ ನಡುವೆ ಎರಡು ಬೆರಳಿನಿಂದ ಐದು ಒತ್ತು, ಮತ್ತೆ ಮೊದಲಿನಿಂದ. ಕಾಣದ್ದನ್ನು ಬೆರಳು ಹಾಕಿ ತಡಕಬಾರದು. ಇದನ್ನು ಓದಿ ಕಲಿಯಲಾಗದು. ಪ್ರಥಮ ಚಿಕಿತ್ಸೆಯ ತರಗತಿಗೆ ನೀವೂ ಮಾವಶಿಯೂ ಒಟ್ಟಿಗೆ ಹೋಗಿ, ಶುಲ್ಕ ನಿಮ್ಮದು.

ಸಂಜೆ ಕೈಬದಲಾಗುವಾಗ ಒಂದು ನೋಟ್‌ಬುಕ್ಕು: ಎಷ್ಟು ಹೊತ್ತಿಗೆ ಹಾಲು, ಎಷ್ಟು ನಿದ್ದೆ, ಕಕ್ಕಸು ಎಷ್ಟು ಸಲ, ಬಿದ್ದದ್ದು ಪೆಟ್ಟಾದದ್ದು. ಬರೆಯಲು ಬರದವರು ಗೀಟು ಹಾಕಲಿ, ಇಲ್ಲವೇ ವಾಯ್ಸ್ ಮೆಸೇಜ್ ಕಳಿಸಲಿ. ‘ಅಕ್ಕಾರ, ಕೂಸು ಮಂಚದ ಮ್ಯಾಲಿಂದ ಬಿತ್ರೀ’ ಎಂದು ಆ ಕ್ಷಣವೇ ಫೋನು ಮಾಡುವ ಧೈರ್ಯ ಆಕೆಗಿರಬೇಕು. ಮೊದಲ ಸಲ ಹೇಳಿದಾಗ ನೀವು ಕೂಗಾಡಿದರೆ ಎರಡನೆಯ ಸಲ ನಿಮಗೆ ಗೊತ್ತೇ ಆಗುವುದಿಲ್ಲ. ಟಿವಿ ಮೊಬೈಲು ಎರಡು ವರ್ಷದೊಳಗೆ ಬೇಡ, ಆಮೇಲೂ ದಿನಕ್ಕೆ ಒಂದು ಗಂಟೆ ಮೀರದಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ. ನೀವು ಊಟದ ಹೊತ್ತಿಗೆ ಮೊಬೈಲು ತೋರಿಸುವವರಾದರೆ ಮಾವಶಿಗೆ ಈ ನಿಯಮ ಹೇಳಲು ಹೋಗಬೇಡಿ.

ಧಾರವಾಡದ ಅಜ್ಜಿ ಬಂದಾಗ

ಮೂರು ತಿಂಗಳಿಗೆಂದು ಅಜ್ಜಿ ಬರುತ್ತಾರೆ. ಒಂದೇ ವಾರದಲ್ಲಿ ಅಡುಗೆಮನೆಯಲ್ಲಿ ಎರಡು ಸರಕಾರ. ಅಜ್ಜಿ ರಾಗಿ ಸರಿ ಎನ್ನುತ್ತಾರೆ, ಮಾವಶಿ ನಾಚಣಿ ಸತ್ವ ಎನ್ನುತ್ತಾರೆ. ಎರಡೂ ಒಂದೇ ಎಂದು ಇಬ್ಬರಿಗೂ ಗೊತ್ತಾಗುವಷ್ಟರಲ್ಲಿ ಮಾತು ಬಿಟ್ಟಿರುತ್ತಾರೆ. ಅಜ್ಜಿಯ ಹಕ್ಕು ದೊಡ್ಡದು, ಮಾವಶಿಯ ಜವಾಬ್ದಾರಿ ದೊಡ್ಡದು. ಇಬ್ಬರೂ ಬೇರೆ ಬೇರೆ ಸೂಚನೆ ಕೊಟ್ಟರೆ ಕೂಸು ಉಪವಾಸ ಬೀಳುತ್ತದೆ, ಇಲ್ಲವೇ ಎರಡು ಸಲ ಔಷಧಿ ಕುಡಿಯುತ್ತದೆ. ಆದ್ದರಿಂದ ಮಾವಶಿಗೆ ಸೂಚನೆ ಕೊಡುವವರು ಒಬ್ಬರೇ, ತಾಯಿ ಅಥವಾ ತಂದೆ. ಅಜ್ಜಿಗೆ ಅದನ್ನು ಹೇಳಬೇಕಾದವರು ಅವರ ಮಗನೋ ಮಗಳೋ, ಸೊಸೆ ಅಳಿಯಂದಿರಲ್ಲ. ಮಾವಶಿಯ ಬಾಯಿಂದಂತೂ ಆ ಮಾತು ಬರಲೇಬಾರದು. ಹಾಡು, ಕತೆ, ಸಂಜೆಯ ಅರ್ಧ ಗಂಟೆ ಪೂರ್ತಿ ಅಜ್ಜಿಯದು. ಆ ಹೊತ್ತಿಗೆ ಮಾವಶಿ ಕೂಸಿನ ಬಟ್ಟೆ ಮಡಿಚಲಿ.

ಹಳೆಯ ವಾಡೆಗಳಲ್ಲಿ ಇರುವವರಿಗೆ ಎರಡು ಮಾತು ಹೆಚ್ಚು. ಕಟ್ಟಿಗೆಯ ಕಡಿದಾದ ಮೆಟ್ಟಿಲಿಗೆ ಮೇಲೂ ಕೆಳಗೂ ಅಡ್ಡಗೇಟು ಬೇಕು, ಚೌಕದ ಬಾವಿಗೆ ಮುಚ್ಚಳ ಬೇಕು. ಬಕೆಟ್ಟಿನಲ್ಲಿ ನೀರು ತುಂಬಿಡುವ ಅಭ್ಯಾಸ ಬಿಡಿ. ತುರ್ತಿನ ಹಾಳೆಯಲ್ಲಿ 108, 112, ನಿಮ್ಮಿಬ್ಬರ ನಂಬರು, ಡಾಕ್ಟರ ನಂಬರು ಇರಲಿ, ಜೊತೆಗೆ ವಿಳಾಸ ಮರಾಠಿಯಲ್ಲಿ, ಗುರುತಿನ ಸಮೇತ. ಪೇಠೆಯಲ್ಲಿ ಮನೆ ನಂಬರು ಹೇಳಿದರೆ ಆಂಬುಲೆನ್ಸಿನವರು ಸುತ್ತುತ್ತಲೇ ಇರಬೇಕಾದೀತು. ಪೆರುಗೇಟ್, ನಾಗನಾಥ ಪಾರ, ಖುನ್ಯಾ ಮುರಳೀಧರ ಎಂದರೆ ಬಂದು ನಿಲ್ಲುತ್ತಾರೆ.

ಗಣೇಶೋತ್ಸವದ ಹತ್ತು ದಿನ ಬೇರೆಯೇ ಲೆಕ್ಕ. ವಿಸರ್ಜನೆಯ ಮೆರವಣಿಗೆ ಲಕ್ಷ್ಮೀ, ಕುಮಠೇಕರ್, ಟಿಳಕ, ಕೇಳಕರ್ ರಸ್ತೆಗಳಲ್ಲಿ ಒಂದು ದಿನಕ್ಕೂ ಮೀರಿ ನಡೆಯುತ್ತದೆ, ಪೇಠೆ ನಡುವೆ ಸಿಕ್ಕಿಕೊಳ್ಳುತ್ತದೆ. ಅವತ್ತು ಮಾವಶಿ ಬರಲಾರರು, ಬಂದರೆ ಹೋಗಲಾರರು. ಅನಂತ ಚತುರ್ದಶಿಯೂ ಮರುದಿನವೂ ರಜೆ ಎಂದು ಮೊದಲೇ ಹಾಳೆಯಲ್ಲಿ ಬರೆಯಿರಿ. ಢೋಲ್ ತಾಶಾ ಪಥಕದ ಹತ್ತಿರ ಎಳೆಗೂಸನ್ನು ‘ತೋರಿಸಿ ಬರ್ತೀನಿ’ ಎಂದು ಒಯ್ಯುವುದು ಬೇಡ. ಉಳಿದ ದಿನ ತಿರುಗಾಟಕ್ಕೆ ಬೆಳಗಿನ ಸಾರಸಬಾಗ್ ಇದೆ. ಮಾವಶಿ ಒಬ್ಬರೇ ಕರೆದೊಯ್ಯುವುದಾದರೆ ಎಷ್ಟು ಹೊತ್ತಿಗೆ ಹೋಗಿ ಎಷ್ಟು ಹೊತ್ತಿಗೆ ಬರುವುದು, ಯಾರು ಕೊಟ್ಟದ್ದನ್ನೂ ತಿನ್ನಿಸದಿರುವುದು, ಇಷ್ಟು ಮಾತಾಗಿರಲಿ.

ಇನ್ನೊಂದು ವಿಷಯವಿದೆ, ಮರ್ಯಾದೆಯ ಮನೆಗಳಲ್ಲಿ ಯಾರೂ ಎತ್ತದ್ದು. ಕೂಸಿನ ಬಾಯಿಗೆ ತುತ್ತಿಡುವ ಕೈಗೆ ಚಹಾದ ಲೋಟ ಬೇರೆ, ಕೂರಲು ನೆಲ, ಕಕ್ಕಸು ಕೆಳಗಿನ ವಾಚ್‌ಮನ್ನನದು. 2017ರಲ್ಲಿ ಇದೇ ಪುಣೆಯಲ್ಲಿ, ಓದಿದ ಮನೆಯೊಂದು, ಅಡುಗೆಯಾಕೆ ತನ್ನ ಜಾತಿ ಮುಚ್ಚಿಟ್ಟಳೆಂದು ಪೊಲೀಸರಿಗೆ ದೂರು ಕೊಟ್ಟದ್ದು ದೇಶವೆಲ್ಲ ಸುದ್ದಿಯಾಯಿತು. ದೂರು ಆಮೇಲೆ ಹಿಂದೆ ಪಡೆದರು. ನಮ್ಮ ಕಡೆಯ ಮಡಿವಂತಿಕೆ ಇದಕ್ಕಿಂತ ಹಗುರವೆಂದು ಹೇಳಿಕೊಳ್ಳುವ ಹಾಗಿಲ್ಲ. ಅದೇ ಲೋಟ, ಅದೇ ಕುರ್ಚಿ, ಅದೇ ಬಚ್ಚಲು ಕೊಡಲಾಗದ ಮನೆ ಮಾವಶಿಯನ್ನು ಕರೆಯದಿರುವುದೇ ಸರಿ.

ನಿಮ್ಮ ಕೂಸಿನ ಹತ್ತಿರ ಅವರಿರುವಾಗ ಅವರ ಕೂಸು ಎಲ್ಲಿದೆ ಎಂದೂ ಕೇಳಿ. ಅಂಗನವಾಡಿ 1975ರಿಂದ ಇದ್ದರೂ ಅದರ ಹೊತ್ತು ಕೆಲಸದ ಹೊತ್ತಿಗೆ ಸಾಲುವುದಿಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳು ತೆರೆದಿರುವುದು ಉದ್ಯೋಗ ಖಾತ್ರಿಯ ತಾಯಂದಿರ ಇದೇ ಕಷ್ಟಕ್ಕೆ. ಶಾಲೆಯ ಸಭೆಗೆಂದು ಮಾವಶಿ ಎರಡು ಗಂಟೆ ಬೇಗ ಹೊರಟರೆ ಅದನ್ನು ರಜೆಯ ಲೆಕ್ಕಕ್ಕೆ ಬರೆಯಬೇಡಿ.

ಮಗು ಶಾಲೆಗೆ ಸೇರುವ ಹೊತ್ತಿಗೆ ಅಥವಾ ಪಾಳಣಾಘರಕ್ಕೆ (ಶಿಶುಪಾಲನಾ ಕೇಂದ್ರಕ್ಕೆ) ಹೋಗುವ ಹೊತ್ತಿಗೆ ಮಾವಶಿಯ ಕೆಲಸ ಮುಗಿಯುತ್ತದೆ. ಒಂದು ತಿಂಗಳ ಮುಂಚೆ ಹೇಳಿ, ಬಾಕಿಯನ್ನೆಲ್ಲ ಕೊನೆಯ ದಿನವೇ ಚುಕ್ತಾ ಮಾಡಿ, ಆ ವರ್ಷ ದುಡಿದ ತಿಂಗಳಿಗೆ ತಕ್ಕಷ್ಟು ಬೋನಸ್ ಸೇರಿಸಿ. ಕೂಸು ಮಲಗಿದಾಗ ಕದ್ದು ಹೋಗುವುದು ಬೇಡ. ನಾಳೆಯಿಂದ ಮಾವಶಿ ಬರುವುದಿಲ್ಲ ಎಂದು ಅವರೆದುರೇ ಮಗುವಿಗೆ ಹೇಳಿ, ಅತ್ತರೆ ಅಳಲಿ. ಏನೇನು ಮಾಡುತ್ತಿದ್ದರು, ಎಷ್ಟು ವರ್ಷವಿದ್ದರು, ಯಾವ ತರಬೇತಿ ಪಡೆದರು ಎಂಬ ಪತ್ರವೊಂದನ್ನು ಮರಾಠಿಯಲ್ಲಿ ಬರೆದು, ಸಹಿ ಹಾಕಿ, ಫೋನ್ ನಂಬರು ಹಾಕಿ ಕೈಗೆ ಕೊಡಿ. ಮುಂದಿನ ಮನೆಯವರು ಫೋನು ಮಾಡಿದಾಗ ಎತ್ತಿ.